ಮೂರು ಕೌಂಟರ್, ಒಂದು ಸಾಲು: ಜನ ಎಷ್ಟು ಹೊತ್ತು ಕಾಯುತ್ತಾರೆ ಎಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ಹೇಗೆ?

ಪಿಂಚಣಿ ಮಸ್ಟರಿಂಗ್ (ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ಬೆರಳಚ್ಚು ಕೊಟ್ಟು ದೃಢಪಡಿಸುವುದು) ನಡೆಯುವ ದಿನಗಳಲ್ಲಿ ಕಾಸರಗೋಡು ಕಡೆಯ ಅಕ್ಷಯ ಕೇಂದ್ರಗಳನ್ನು ನೋಡಬೇಕು. ಬದಿಯಡ್ಕ ಆಗಲಿ, ಉಪ್ಪಳ ಆಗಲಿ, ಪೆರ್ಲ ಆಗಲಿ, ಒಳಗೆ ಎರಡೋ ಮೂರೋ ಕೌಂಟರ್, ಹೊರಗೆ ಮೆಟ್ಟಿಲ ತನಕ ಜನ. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶುರುವಾದ ಅಕ್ಷಯ ಈಗ ಕೇರಳದ ಎಲ್ಲ ಕಡೆ ಇದೆ. ಆಧಾರ್, ರೇಷನ್ ಕಾರ್ಡ್, ಸರ್ಟಿಫಿಕೇಟ್ ಎಲ್ಲಕ್ಕೂ ಜನ ಅಲ್ಲಿಗೆ ಹೋಗುತ್ತಾರೆ. ಕೇಂದ್ರ ನಡೆಸುವವರ ತಲೆಯಲ್ಲಿ ಒಂದೇ ಪ್ರಶ್ನೆ: ಇನ್ನೊಬ್ಬರನ್ನು ಕೂರಿಸಿದರೆ ಸಾಲು ಎಷ್ಟು ಕರಗುತ್ತದೆ? ಕರಗಿದ ಮೇಲೆ ಆ ಇನ್ನೊಬ್ಬರು ಸುಮ್ನೆ ಕೂತಿರುತ್ತಾರಾ?

ಇದನ್ನು ಸಂಬಳ ಕೊಟ್ಟೇ ತಿಳಿಯಬೇಕಾಗಿಲ್ಲ. ಸಾಲನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಸ್ಪ್ರೆಡ್‌ಶೀಟ್ ಬಳಸಿ ಗೊತ್ತಿದ್ದರೆ ಸಾಕು, ಪೈಥಾನ್ ಬಂದರೆ ಇನ್ನೂ ಒಳ್ಳೆಯದು. ಇಲ್ಲಿ ಅಕ್ಷಯ ಕೇಂದ್ರವನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಬ್ಯಾಂಕ್, ಆಸ್ಪತ್ರೆಯ ಓಪಿ ಚೀಟಿ, ಪೆಟ್ರೋಲ್ ಪಂಪ್, ಎಲ್ಲಕ್ಕೂ ಲೆಕ್ಕ ಇದೇ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ಕೇಂದ್ರದ್ದನ್ನು ನೀವೇ ಅಳೆಯಬೇಕು.

ಮೊದಲು ಗಡಿಯಾರ ಹಿಡಿದು ಕೂರಿ

ಬೇಕಾದದ್ದು ಮೂರೇ ಸಮಯ: ಜನ ಬಂದದ್ದು ಯಾವಾಗ, ಕೌಂಟರಿಗೆ ಕರೆದದ್ದು ಯಾವಾಗ, ಕೆಲಸ ಮುಗಿದದ್ದು ಯಾವಾಗ. ಟೋಕನ್ ಕೊಡುವ ಕಡೆ ಒಂದು ಪುಸ್ತಕ ಇಟ್ಟು ಬರೆದರೆ ಆಯಿತು. ಟೋಕನ್ ಇಲ್ಲದಿದ್ದರೆ ಚೀಟಿ ಹರಿದು ನಂಬರ್ ಹಾಕಿ ಕೊಡಿ.

ಇಲ್ಲಿ ಒಂದು ಎಚ್ಚರ. ಒಬ್ಬರನ್ನು ಕರೆದಲ್ಲಿಂದ ಮುಂದಿನವರನ್ನು ಕರೆಯುವ ತನಕದ ಹೊತ್ತನ್ನೇ "ಕೆಲಸದ ಹೊತ್ತು" ಎಂದು ಬರೆಯುವವರು ಜಾಸ್ತಿ. ಸಾಲಿನಲ್ಲಿ ಜನ ಇಲ್ಲದಾಗ ಅದು ತಪ್ಪು, ಖಾಲಿ ಕೂತದ್ದೂ ಅದರಲ್ಲಿ ಸೇರಿಬಿಡುತ್ತದೆ. ಹಾಗೆಂದು ಪ್ರಿಂಟ್ ತೆಗೆಯುವುದು, ಚಿಲ್ಲರೆ ಕೊಡುವುದು, ಸೈಟ್ ಲೋಡ್ ಆಗಲು ಕಾಯುವುದು ಎಲ್ಲ ಕೆಲಸದ ಹೊತ್ತೇ. ಆಗ ಕೌಂಟರ್ ಇನ್ನೊಬ್ಬರಿಗೆ ಸಿಗುವುದಿಲ್ಲ ಅಲ್ವಾ?

ಮಸ್ಟರಿಂಗ್ ದಿನದ್ದನ್ನೂ ಮಾಮೂಲು ದಿನದ್ದನ್ನೂ ಬೇರೆ ಬೇರೆ ಇಡಿ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಯಾವ ದಿನಕ್ಕೂ ಹೊಂದದ ಒಂದು ಅಂಕಿ ಸಿಗುತ್ತದೆ.

ಕೆಲಸದ ಹೊರೆ ಎಷ್ಟು?

ಗಂಟೆಗೆ 15 ಜನ ಬರುತ್ತಾರೆ ಎಂದಿಟ್ಟುಕೊಳ್ಳಿ, ಅಂದರೆ ಸರಾಸರಿ 4 ನಿಮಿಷಕ್ಕೆ ಒಬ್ಬರು. ಒಬ್ಬರ ಕೆಲಸಕ್ಕೆ ಸರಾಸರಿ 10 ನಿಮಿಷ. ಒಂದು ಗಂಟೆಯಲ್ಲಿ ಬರುವ ಕೆಲಸ 150 ನಿಮಿಷದ್ದು. ಅದನ್ನು 60ರಿಂದ ಭಾಗಿಸಿದರೆ 2.5. ಇದಕ್ಕೆ 2.5 ಎರ್ಲಾಂಗ್ ಹೊರೆ ಎಂದು ಹೆಸರು. ಡೆನ್ಮಾರ್ಕಿನ ಎರ್ಲಾಂಗ್ ಎಂಬವರು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪೆನಿಯಲ್ಲಿದ್ದು, 1909ರಲ್ಲಿ ಫೋನ್ ಕರೆಗಳ ಬಗ್ಗೆ ಇಂಥ ಲೆಕ್ಕವನ್ನು ಮೊದಲು ಪ್ರಕಟಿಸಿದರು. ಎಷ್ಟು ಲೈನ್ ಬೇಕು ಎಂಬುದು ಅವರ ಪ್ರಶ್ನೆ, ಎಷ್ಟು ಕೌಂಟರ್ ಬೇಕು ಎಂಬುದು ನಮ್ಮದು.

2.5 ಹೊರೆಗೆ ಎರಡು ಕೌಂಟರ್ ಸಾಲುವುದೇ ಇಲ್ಲ. ಸಾಲು ದಿನವಿಡೀ ಬೆಳೆಯುತ್ತದೆ. ಮೂರು ಇದ್ದರೆ ಪ್ರತಿ ಕೌಂಟರ್ ಸರಾಸರಿ 83% ಹೊತ್ತು ಕೆಲಸದಲ್ಲಿರುತ್ತದೆ, ನಾಲ್ಕಿದ್ದರೆ 62.5%. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ: "ಮೂರು ಕೌಂಟರಿಗೇ 17% ಬಿಡುವು ಇದೆ, ಮತ್ತೆ ನಾಲ್ಕನೆಯದು ಯಾಕೆ?" ಜನ ಸರಿಯಾಗಿ ನಾಲ್ಕು ನಿಮಿಷಕ್ಕೊಬ್ಬರಂತೆ ಬಂದು, ಎಲ್ಲರ ಕೆಲಸವೂ ಹತ್ತೇ ನಿಮಿಷದಲ್ಲಿ ಮುಗಿದರೆ ಆ ಮಾತು ಸರಿ, ಯಾರೂ ಕಾಯಬೇಕಾಗಿಲ್ಲ. ಆದರೆ ಮುಳ್ಳೇರಿಯದ ಬಸ್ಸು ಬಂದು ನಿಂತರೆ ಆರು ಜನ ಒಟ್ಟಿಗೆ ಇಳಿಯುತ್ತಾರೆ. ಒಬ್ಬರದು ಬರೀ ಪ್ರಿಂಟ್, ಎರಡು ನಿಮಿಷ. ಇನ್ನೊಬ್ಬರ ಬೆರಳಚ್ಚು ಹಿಡಿಯುವುದೇ ಇಲ್ಲ, ಅರ್ಧ ಗಂಟೆ. ಸಾಲು ಹುಟ್ಟುವುದು ಈ ಏರುಪೇರಿನಿಂದ, ಸರಾಸರಿಯಿಂದಲ್ಲ. ಸಿಮ್ಯುಲೇಶನ್ ಬೇಕಾಗುವುದೂ ಅದಕ್ಕೇ.

ಎಂಟು ಜನರನ್ನು ಕೈಯಲ್ಲೇ ಓಡಿಸಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಬಾಗಿಲು ತೆರೆದ ಹೊತ್ತು ಸೊನ್ನೆ, ಎಲ್ಲವೂ ಅಲ್ಲಿಂದ ನಿಮಿಷದ ಲೆಕ್ಕ. ಕೌಂಟರುಗಳು ಎ, ಬಿ, ಸಿ. ನಿಯಮ ಒಂದೇ: ಮೊದಲು ಬಂದವರಿಗೆ ಮೊದಲು, ಯಾವ ಕೌಂಟರ್ ಮೊದಲು ಖಾಲಿಯಾಗುತ್ತದೋ ಅಲ್ಲಿಗೆ.

| ಟೋಕನ್ | ಬಂದದ್ದು | ಕೆಲಸ | ಕೌಂಟರ್ | ಶುರು | ಕಾದದ್ದು | ಮುಗಿದದ್ದು |
|---|---|---|---|---|---|---|
| 1 | 0 | 12 | ಎ | 0 | 0 | 12 |
| 2 | 1 | 6 | ಬಿ | 1 | 0 | 7 |
| 3 | 3 | 20 | ಸಿ | 3 | 0 | 23 |
| 4 | 4 | 9 | ಬಿ | 7 | 3 | 16 |
| 5 | 10 | 4 | ಎ | 12 | 2 | 16 |
| 6 | 11 | 15 | ಎ | 16 | 5 | 31 |
| 7 | 13 | 5 | ಬಿ | 16 | 3 | 21 |
| 8 | 22 | 8 | ಬಿ | 22 | 0 | 30 |

ಆರನೆಯವರ ಸಾಲನ್ನು ನಿಧಾನವಾಗಿ ನೋಡಿ. ಅವರು ಬಂದದ್ದು 11ಕ್ಕೆ. ಆಗ ಎ ಮತ್ತು ಬಿ ಎರಡೂ ಖಾಲಿಯಾಗುವುದು 16ಕ್ಕೆ, ಸಿ 23ಕ್ಕೆ. ಎ, ಬಿ ಸಮ ಆದ ಕಾರಣ ಮೊದಲ ಹೆಸರಿನ ಎ ಕೌಂಟರಿಗೆ ಕಳಿಸಿದೆವು. ಶುರು 16, ಕಾದದ್ದು 5. ಇಡೀ ಸಿಮ್ಯುಲೇಶನ್‌ನ ಹೃದಯ ಇಷ್ಟೇ: ಶುರುವಾಗುವ ಹೊತ್ತು ಎಂದರೆ "ಅವರು ಬಂದ ಹೊತ್ತು" ಮತ್ತು "ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಕೌಂಟರಿನ ಹೊತ್ತು", ಇವೆರಡರಲ್ಲಿ ದೊಡ್ಡದು.

ಒಟ್ಟು ಕಾದದ್ದು 13 ನಿಮಿಷ, ಒಬ್ಬರಿಗೆ ಸರಾಸರಿ 1.6. ಕೌಂಟರುಗಳ ಲೆಕ್ಕ ನೋಡಿದರೆ 31 ನಿಮಿಷದಲ್ಲಿ ಎ 31, ಬಿ 28, ಸಿ 20 ನಿಮಿಷ ಕೆಲಸ ಮಾಡಿವೆ. ಅಂದರೆ 100%, 90%, 65%. ಸಿ ಕೌಂಟರಿನವರು ಸೋಮಾರಿ ಎಂದು ಇದನ್ನು ಓದಬೇಡಿ. ಅತಿ ಉದ್ದದ ಕೆಲಸ ಮಾಡಿದ್ದು ಅವರೇ. 23ರ ನಂತರ ಅವರ ಹತ್ತಿರ ಕಳಿಸಲು ಜನವೇ ಇರಲಿಲ್ಲ. ಲೆಕ್ಕವನ್ನು 31ಕ್ಕೆ ಕಡಿದು ನಿಲ್ಲಿಸಿದ್ದರಿಂದ ಅವರ ಶೇಕಡಾ ಕಡಿಮೆ ಕಾಣುತ್ತದೆ. ಕೌಂಟರುವಾರು ಶೇಕಡಾವನ್ನು ಕೆಲಸಗಾರರ ಮಾರ್ಕ್ ಶೀಟ್ ಮಾಡಿಕೊಂಡರೆ ಅನ್ಯಾಯ ಆಗುತ್ತದೆ. ಅದು ಮುಖ್ಯವಾಗಿ ಯಾರನ್ನು ಎಲ್ಲಿಗೆ ಕಳಿಸುತ್ತೀರಿ ಎಂಬ ನಿಯಮದ ಫಲ.

ಸ್ಪ್ರೆಡ್‌ಶೀಟಿನಲ್ಲಿ

ಎಕ್ಸೆಲ್ ಆಗಲಿ, ಲಿಬ್ರೆಆಫೀಸ್ ಆಗಲಿ, ಮೇಲಿನ ಪಟ್ಟಿಯನ್ನೇ ಉದ್ದ ಮಾಡುವುದು. ಒಬ್ಬರಿಗೆ ಒಂದು ಸಾಲು. ಅಂಕಣಗಳು ಹೀಗಿರಲಿ: ಹಿಂದಿನವರಿಂದ ಎಷ್ಟು ಅಂತರದಲ್ಲಿ ಬಂದರು, ಬಂದ ಹೊತ್ತು, ಕೆಲಸದ ಹೊತ್ತು, ಮೂರು ಕೌಂಟರುಗಳು ಖಾಲಿಯಾಗುವ ಹೊತ್ತಿಗೆ ಮೂರು ಅಂಕಣ, ಶುರು, ಮುಗಿದದ್ದು, ಕಾದದ್ದು, ಯಾವ ಕೌಂಟರ್.

ಅಂತರವನ್ನು ಯಾದೃಚ್ಛಿಕವಾಗಿ ಹುಟ್ಟಿಸಲು ಸೂತ್ರ ಇದು:

ಅಂತರ = − ಸರಾಸರಿ × ಎಲ್‌ಎನ್ (1 − ರ‍್ಯಾಂಡ್)

ರ‍್ಯಾಂಡ್ ಫಂಕ್ಷನ್ ಸೊನ್ನೆಯಿಂದ ಒಂದರ ಒಳಗಿನ ಯಾವುದೋ ಒಂದು ಸಂಖ್ಯೆ ಕೊಡುತ್ತದೆ. ಎಲ್‌ಎನ್ ಎಂದರೆ ಲಾಗರಿದಮ್. ಸರಾಸರಿ 4 ಇದ್ದಾಗ ರ‍್ಯಾಂಡ್ 0.5 ಕೊಟ್ಟರೆ ಅಂತರ 2.8 ನಿಮಿಷ, 0.9 ಕೊಟ್ಟರೆ 9.2 ನಿಮಿಷ. ಚಿಕ್ಕ ಅಂತರಗಳು ಜಾಸ್ತಿ, ಅಪರೂಪಕ್ಕೆ ಒಂದು ದೊಡ್ಡದು. ಯಾರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬರುವ ಜನರಿಗೆ ಇದು ಚೆನ್ನಾಗಿ ಹೊಂದುತ್ತದೆ. ಇದಕ್ಕೆ ಎಕ್ಸ್‌ಪೊನೆನ್ಶಿಯಲ್ ಹಂಚಿಕೆ ಎಂದು ಹೆಸರು.

ಕೆಲಸದ ಹೊತ್ತಿಗೂ ಇದೇ ಸೂತ್ರ ಹಾಕುವುದು ರೂಢಿ. ನನ್ನ ಸಲಹೆ ಬೇರೆ. ನೀವು ಬರೆದಿಟ್ಟ ನೂರೋ ಇನ್ನೂರೋ ಕೆಲಸದ ಹೊತ್ತುಗಳು ಇವೆಯಲ್ಲ, ಅವುಗಳಲ್ಲೇ ಒಂದನ್ನು ಕಣ್ಣುಮುಚ್ಚಿ ಎತ್ತಿದ ಹಾಗೆ ಪ್ರತಿಯೊಬ್ಬರಿಗೂ ಎತ್ತಿಕೊಳ್ಳಿ. ನಿಮ್ಮ ಕೇಂದ್ರದ ಎರಡು ನಿಮಿಷದ ಪ್ರಿಂಟೂ ಅರ್ಧ ಗಂಟೆಯ ಬೆರಳಚ್ಚೂ ಅದರಲ್ಲಿ ತಾನಾಗಿ ಬರುತ್ತವೆ. ಆದರೆ ಮೊದಲ ಪ್ರಯೋಗಕ್ಕೆ ಸೂತ್ರವನ್ನೇ ಬಳಸಿ, ಕಾರಣ ಮುಂದೆ ಬರುತ್ತದೆ.

ಉಳಿದದ್ದು ಸುಲಭ. ಶುರು ಎಂದರೆ ಬಂದ ಹೊತ್ತು ಮತ್ತು ಮೂರು ಕೌಂಟರುಗಳ ಮಿನ್, ಇವೆರಡರ ಮ್ಯಾಕ್ಸ್. ಯಾವ ಕೌಂಟರ್ ಎಂದು ಹುಡುಕಲು ಮ್ಯಾಚ್ ಫಂಕ್ಷನ್, ಅದರ ಕೊನೆಯ ಅಂಕಿ 0 ಇರಲಿ. ಸಮ ಇದ್ದರೆ ಅದು ಮೊದಲನೆಯದನ್ನು ಕೊಡುತ್ತದೆ. ಮುಂದಿನ ಸಾಲಿನಲ್ಲಿ ಆ ಕೌಂಟರಿನ ಅಂಕಣಕ್ಕೆ "ಮುಗಿದದ್ದು" ಬರಬೇಕು, ಉಳಿದ ಎರಡಕ್ಕೆ ಹಿಂದಿನ ಅಂಕಿಯೇ. ಇಫ್ ಹಾಕಿ ಕೆಳಗಿನ ತನಕ ಎಳೆದರೆ ಮುಗಿಯಿತು. ಎಫ್9 ಒತ್ತಿದ ಹಾಗೆಲ್ಲ ಒಂದು ಹೊಸ ದಿನ.

ಪೈಥಾನ್ ಬರುವವರಿಗೆ

ಇಲ್ಲಿ ಹತ್ತು ಹನ್ನೆರಡು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಕ್ರಮ ಹೀಗೆ:

1. "ಖಾಲಿ" ಎಂಬ ಪಟ್ಟಿಯಲ್ಲಿ ಕೌಂಟರಿಗೆ ಒಂದರಂತೆ ಸೊನ್ನೆ ಇಡಿ.
2. ಬಂದ ಹೊತ್ತಿಗೆ ಹೊಸ ಅಂತರ ಕೂಡಿಸಿ.
3. ಪಟ್ಟಿಯಿಂದ ಅತಿ ಚಿಕ್ಕದನ್ನು ತೆಗೆಯಿರಿ.
4. ಅದಕ್ಕೂ ಬಂದ ಹೊತ್ತಿಗೂ ದೊಡ್ಡದು ಯಾವುದೋ ಅದು ಶುರು.
5. ಶುರುವಿಗೆ ಕೆಲಸದ ಹೊತ್ತು ಕೂಡಿಸಿ ಪಟ್ಟಿಗೆ ವಾಪಸ್ ಹಾಕಿ.
6. ಕಾದದ್ದನ್ನು ಬರೆದಿಟ್ಟು, ಎರಡನೆಯ ಹೆಜ್ಜೆಗೆ ಹೋಗಿ.

ಅತಿ ಚಿಕ್ಕದನ್ನು ಬೇಗ ತೆಗೆಯಲು ಹೀಪ್‌ಕ್ಯೂ ಮಾಡ್ಯೂಲ್ ಇದೆ. ರ‍್ಯಾಂಡಮ್ ಮಾಡ್ಯೂಲಿನ ಎಕ್ಸ್‌ಪೋವೇರಿಯೇಟ್ ಫಂಕ್ಷನಿಗೆ ಸರಾಸರಿ ಕೊಡಬಾರದು, ದರ ಕೊಡಬೇಕು: 4 ಅಲ್ಲ, 1÷4. ಇಲ್ಲಿ ಎಡವಿದರೆ ನಿಮಿಷಕ್ಕೆ ನಾಲ್ಕು ಜನ ಬಂದು ಸಾಲು ಕುಂಬಳೆ ತನಕ ಮುಟ್ಟುತ್ತದೆ! ಸಿಮ್‌ಪೈ ಎಂಬ ಲೈಬ್ರರಿಯೂ ಇದೆ. ಕೆಲಸ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಹೋಗುವಂತಿದ್ದರೆ ಅದು ಬೇಕು, ಇಷ್ಟಕ್ಕೆ ಬೇಡ.

ನಂಬುವ ಮೊದಲು ಪರೀಕ್ಷೆ

ಮೊದಲ ಪ್ರಯೋಗಕ್ಕೆ ಸೂತ್ರ ಬಳಸಿ ಎಂದದ್ದು ಇದಕ್ಕೆ. ಅಂತರವೂ ಕೆಲಸವೂ ಎಕ್ಸ್‌ಪೊನೆನ್ಶಿಯಲ್ ಆಗಿದ್ದರೆ ಉತ್ತರ ಎರ್ಲಾಂಗ್ ಸೂತ್ರದಿಂದಲೇ ಸಿಗುತ್ತದೆ. ಅದಕ್ಕೆ ನಿಮ್ಮದು ತಾಳೆ ಆಗಬೇಕು. ನಮ್ಮ ಅಂಕಿಗಳಿಗೆ ಉತ್ತರ ಹೀಗೆ:

| | 3 ಕೌಂಟರ್ | 4 ಕೌಂಟರ್ |
|---|---|---|
| ಕೆಲಸದಲ್ಲಿರುವ ಹೊತ್ತು | 83% | 62.5% |
| ಕಾಯಲೇಬೇಕಾದವರು | 70% | 32% |
| ಸರಾಸರಿ ಕಾಯುವುದು | 14 ನಿಮಿಷ | 2.1 ನಿಮಿಷ |
| 15 ನಿಮಿಷಕ್ಕಿಂತ ಹೆಚ್ಚು ಕಾಯುವವರು | 33% | 3.4% |

ಒಂದು ಕೌಂಟರ್ ಸೇರಿಸಿದರೆ ಕಾಯುವುದು ಕಾಲು ಭಾಗ ಕಡಿಮೆ ಆಗಬಹುದು ಎಂದು ಅಂದಾಜು ಮಾಡುವವರೇ ಎಲ್ಲ. ನಿಜಕ್ಕೂ ಅದು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ.

ಪರೀಕ್ಷೆಗೆ ಒಂದು ದಿನ ಓಡಿಸಿದರೆ ಸಾಲದು. ಒಂದು ಲಕ್ಷ ಜನರನ್ನು ನಿಲ್ಲಿಸದೆ ಓಡಿಸಿ. ಮೂರು ಕೌಂಟರಿಗೆ 13ರಿಂದ 15ರ ಒಳಗೆ ಬಂದರೆ ಪ್ರೋಗ್ರಾಂ ಸರಿ ಇದೆ. 5 ಅಥವಾ 40 ಬಂದರೆ ಎಲ್ಲೋ ತಪ್ಪಿದೆ. ಇನ್ನೊಂದು ಪರೀಕ್ಷೆ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ: ಸಾಲಿನಲ್ಲಿ ನಿಂತವರ ಸರಾಸರಿ ಸಂಖ್ಯೆ ಎಂದರೆ ಬರುವ ದರ ಗುಣಿಸು ಸರಾಸರಿ ಕಾಯುವ ಹೊತ್ತು. ಗಂಟೆಗೆ 15 ಜನ, 14 ನಿಮಿಷ. ಸಾಲಿನಲ್ಲಿ ಸರಾಸರಿ ಮೂರೂವರೆ ಜನ. ನಿಮ್ಮ ಪ್ರೋಗ್ರಾಂ ಎರಡನ್ನೂ ಬೇರೆ ಬೇರೆಯಾಗಿ ಅಳೆದು ಈ ಲೆಕ್ಕಕ್ಕೆ ಕೂಡಿಬರಬೇಕು.

ಈಗ ನಿಜವಾದ ದಿನ

ಪರೀಕ್ಷೆ ಪಾಸಾದ ಮೇಲೆ ಸೂತ್ರ ತೆಗೆದು ನಿಮ್ಮ ಅಳತೆಗಳನ್ನು ಹಾಕಿ. ಉತ್ತರ ಬದಲಾಗುತ್ತದೆ, ಆಗಲೇಬೇಕು. ಎಲ್ಲರ ಕೆಲಸವೂ ಸರಿಯಾಗಿ ಹತ್ತೇ ನಿಮಿಷ ಹಿಡಿದರೆ ಕಾಯುವ ಹೊತ್ತು 14ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏರುಪೇರು ಹೆಚ್ಚಿದ್ದರೆ ಏರುತ್ತದೆ.

ಬೆಳಗ್ಗೆ ಬಾಗಿಲು ತೆಗೆಯುವಾಗ ಕೌಂಟರುಗಳು ಖಾಲಿ. 83% ಹೊರೆಯಲ್ಲಿ ಸಾಲು ತನ್ನ ಪೂರ್ತಿ ಉದ್ದಕ್ಕೆ ಬೆಳೆಯಲು ಗಂಟೆಗಟ್ಟಲೆ ಬೇಕು. ಹಾಗಾಗಿ ಒಂದು ದಿನದ ಸರಾಸರಿ 14ಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. ಬಾಗಿಲು ತೆಗೆಯುವ ಮೊದಲೇ ಹೊರಗೆ ಜನ ನಿಂತಿರುತ್ತಾರೆ ಎಂದಾದರೆ ಅವರೆಲ್ಲರ ಬಂದ ಹೊತ್ತನ್ನು ಸೊನ್ನೆ ಎಂದು ಹಾಕಿ. ಮಸ್ಟರಿಂಗ್ ದಿನಕ್ಕೆ ಈ ಒಂದು ಬದಲಾವಣೆಯೇ ಇಡೀ ಬೆಳಗ್ಗಿನ ಚಿತ್ರವನ್ನು ಬದಲಿಸುತ್ತದೆ.

ಗಂಟೆಯಿಂದ ಗಂಟೆಗೆ ಬರುವ ಜನ ಬೇರೆ. ಅದಕ್ಕೊಂದು ಸರಳ ಉಪಾಯ: ಅತಿ ಹೆಚ್ಚು ಜನ ಬರುವ ಗಂಟೆಯ ದರದಲ್ಲಿ, ಗಂಟೆಗೆ 24 ಎನ್ನಿ, ಇಡೀ ದಿನಕ್ಕೆ ಜನರನ್ನು ಹುಟ್ಟಿಸಿ. ನಂತರ ಗಂಟೆಗೆ 12 ಜನ ಬರುವ ಹೊತ್ತಿನಲ್ಲಿ ನಾಣ್ಯ ಚಿಮ್ಮಿ ಅರ್ಧದಷ್ಟು ಜನರನ್ನು ಬಿಟ್ಟುಬಿಡಿ. ಗಂಟೆಗೆ 6 ಇದ್ದಲ್ಲಿ ನಾಲ್ವರಲ್ಲಿ ಒಬ್ಬರನ್ನು ಮಾತ್ರ ಉಳಿಸಿ.

ಊಟದ ಬಿಡುವಿಗೆ, ಊಟಕ್ಕೆ ಹೋಗುವವರ ಕೌಂಟರ್ ಮಧ್ಯಾಹ್ನ ಒಂದು ಗಂಟೆ ದಾಟಿ ಮೊದಲ ಸಲ ಖಾಲಿಯಾದಾಗ ಅದರ ಹೊತ್ತಿಗೆ 30 ನಿಮಿಷ ಸೇರಿಸಿ. ಮೂವರೂ ಒಟ್ಟಿಗೆ ಊಟಕ್ಕೆ ಹೋಗುವುದನ್ನೂ ಒಬ್ಬೊಬ್ಬರಾಗಿ ಹೋಗುವುದನ್ನೂ ಓಡಿಸಿ ಹೋಲಿಸಿ. ಕಾದು ಬೇಸತ್ತು ಹೋಗುವವರಿಗೆ ಒಂದು ತಾಳ್ಮೆಯ ಮಿತಿ ಕೊಡಿ. ಕಾಯಬೇಕಾದ ಹೊತ್ತು ಅದನ್ನು ದಾಟಿದರೆ ಅವರನ್ನು "ಹೋದವರು" ಎಂದು ಬರೆದು, ಕೌಂಟರಿನ ಹೊತ್ತನ್ನು ಮುಟ್ಟದೆ ಬಿಡಿ. ಈ ಹೋದವರ ಲೆಕ್ಕ ಇಡದಿದ್ದರೆ ಸರಾಸರಿ ಚಂದ ಕಾಣುತ್ತದೆ, ಸುಳ್ಳೇ ಸುಳ್ಳು.

ಎಷ್ಟು ದಿನ ಓಡಿಸಬೇಕು?

ಒಂದು ದಿನದ ಫಲಿತಾಂಶ ಬರೀ ಒಂದು ದಿನದ್ದು. 200 ದಿನ ಓಡಿಸಿ, ಪ್ರತಿ ದಿನದ ಸರಾಸರಿಯನ್ನು ಬೇರೆ ಬೇರೆ ಬರೆದಿಡಿ. ದಿನದಿಂದ ದಿನಕ್ಕೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತ ಏರುಪೇರಿನ ಅಳತೆ) 7 ನಿಮಿಷ ಬಂದರೆ, ಅದರ ಎರಡು ಪಟ್ಟನ್ನು 200ರ ವರ್ಗಮೂಲದಿಂದ ಭಾಗಿಸಿ. ನಿಮ್ಮ ಉತ್ತರ ಸುಮಾರು 1 ನಿಮಿಷ ಆಚೀಚೆ ಎಂದರ್ಥ. 50 ದಿನವೇ ಓಡಿಸಿದ್ದರೆ 2 ನಿಮಿಷ ಆಚೀಚೆ.

ಮೂರು ಮತ್ತು ನಾಲ್ಕು ಕೌಂಟರ್ ಹೋಲಿಸುವಾಗ ಎರಡಕ್ಕೂ ಅದೇ ಜನ, ಅದೇ ಹೊತ್ತು, ಅದೇ ಕೆಲಸ ಇರಲಿ. ಮೊದಲೇ ಎಲ್ಲರ ಬಂದ ಹೊತ್ತನ್ನೂ ಕೆಲಸದ ಹೊತ್ತನ್ನೂ ಹುಟ್ಟಿಸಿಟ್ಟು, ಎರಡೂ ವ್ಯವಸ್ಥೆಯಲ್ಲಿ ಅದನ್ನೇ ಬಳಸಿ. ಇಲ್ಲದಿದ್ದರೆ ವ್ಯತ್ಯಾಸ ಬಂದದ್ದು ಕೌಂಟರಿನಿಂದಲೋ ಅದೃಷ್ಟದಿಂದಲೋ ಗೊತ್ತಾಗುವುದಿಲ್ಲ. ಸರಾಸರಿಯ ಜತೆ, ಹತ್ತರಲ್ಲಿ ಒಂಬತ್ತು ಜನ ಎಷ್ಟು ನಿಮಿಷದೊಳಗೆ ಒಳಗೆ ಹೋದರು ಎಂಬುದನ್ನೂ ತೆಗೆಯಿರಿ. ಜಗಳ ಆಗುವುದು ಆ ಹತ್ತನೆಯವರಿಂದ.

ಸಾಲು ಒಡೆದರೆ ಏನಾಗುತ್ತದೆ?

ಇಷ್ಟು ಕಷ್ಟಪಟ್ಟು ಕಟ್ಟಿದ ಮೇಲೆ ಅದರಿಂದ ನಮ್ಮೂರಿನದೇ ಒಂದು ಪ್ರಶ್ನೆ ಕೇಳಬೇಕು. ಒಂದೇ ಸಾಲಿನ ಬದಲು ಪ್ರತಿ ಕೌಂಟರಿಗೆ ಒಂದೊಂದು ಸಾಲು ಮಾಡಿ, ಆಚೀಚೆ ಹೋಗಲು ಬಿಡದಿದ್ದರೆ ಸರಾಸರಿ ಕಾಯುವುದು 14ರಿಂದ 50 ನಿಮಿಷಕ್ಕೆ ಏರುತ್ತದೆ. ಜನ ಅಷ್ಟೇ, ಕೌಂಟರ್ ಅಷ್ಟೇ.

ಕಾಸರಗೋಡಿನಲ್ಲಿ ಯಾರೂ ಬೇಕೆಂದು ಮಾಡದೆಯೇ ಸಾಲು ಒಡೆಯುತ್ತದೆ. ಫಾರ್ಮ್ ಮಲಯಾಳದಲ್ಲಿದೆ. "ಇದರಲ್ಲಿ ಎಂತ ಬರೆದದ್ದು ಮಗಾ?" ಎಂದು ಕೇಳುವ ಅಜ್ಜಿಗೆ ಕನ್ನಡ ಬರುವವರು ಕೂತ ಕೌಂಟರೇ ಆಗಬೇಕು. ಮೂವರಲ್ಲಿ ಒಬ್ಬರಿಗೆ ಮಾತ್ರ ಕನ್ನಡ ಬರುತ್ತದೆ, ಬರುವ ಜನರಲ್ಲಿ ಮೂರನೇ ಒಂದು ಭಾಗ ಅವರ ಹತ್ತಿರವೇ ಹೋಗುತ್ತಾರೆ, ಉಳಿದವರು ಮಿಕ್ಕ ಎರಡಕ್ಕೆ ಎಂದಿಟ್ಟುಕೊಳ್ಳಿ. ಕನ್ನಡದ ಸಾಲು 50 ನಿಮಿಷ ಕಾಯುತ್ತದೆ, ಇನ್ನೊಂದು 23 ನಿಮಿಷ. ಒಂದೇ ಸಾಲಿನ 14ಕ್ಕಿಂತ ಇಬ್ಬರಿಗೂ ನಷ್ಟ.

ಇದನ್ನು ಪ್ರೋಗ್ರಾಮಿಗೆ ತರುವುದು ಸುಲಭ. ಪ್ರತಿಯೊಬ್ಬರಿಗೂ ಒಂದು ಗುರುತು ಹಾಕಿ: ಕನ್ನಡವೇ ಬೇಕು, ಅಥವಾ ಯಾವುದಾದರೂ ಆದೀತು. ಮೂರನೆಯ ಹೆಜ್ಜೆಯಲ್ಲಿ ಎಲ್ಲ ಕೌಂಟರ್ ನೋಡುವ ಬದಲು ಅವರಿಗೆ ಆಗುವ ಕೌಂಟರುಗಳಲ್ಲಿ ಮೊದಲು ಖಾಲಿಯಾಗುವುದನ್ನು ಹುಡುಕಿ. ಯಾವುದಾದರೂ ಆದೀತು ಎನ್ನುವವರನ್ನು, ಬೇರೆ ಕೌಂಟರ್ ಖಾಲಿ ಇರುವಾಗ ಕನ್ನಡದ ಕೌಂಟರಿಗೆ ಕಳಿಸಬೇಡಿ. ಇಬ್ಬರಿಗೆ ಕನ್ನಡ ಬಂದರೆ ಎಷ್ಟು, ಮೂವರಿಗೂ ಬಂದರೆ ಎಷ್ಟು ಎಂದು ಓಡಿಸಿ ನೋಡಿ.

ಇನ್ನೂ ಒಂದು ಸಂಗತಿ ಇದೆ. ಫಾರ್ಮ್ ಓದಿ ಹೇಳಿ ತುಂಬಿಸುವ ಕೆಲಸ ಸೇರಿದರೆ ಕನ್ನಡದ ಕೌಂಟರಿನಲ್ಲಿ ಒಬ್ಬರಿಗೆ 10 ನಿಮಿಷ ಸಾಲುವುದಿಲ್ಲ. 12 ನಿಮಿಷ ಹಿಡಿದರೆ ಗಂಟೆಗೆ ಬರುವ 5 ಜನರಿಗೆ 60 ನಿಮಿಷ ಬೇಕು. ಆ ಕೌಂಟರಿಗೆ ಒಂದು ನಿಮಿಷವೂ ಬಿಡುವಿಲ್ಲ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಅದೇ ಹೊರಗಿನ ಬೆಂಚಿನ ಹತ್ತಿರ ಕನ್ನಡದಲ್ಲಿ ತುಂಬಿದ ಒಂದು ಮಾದರಿ ಫಾರ್ಮ್ ಅಂಟಿಸಿ, ಕಾಯುತ್ತಿರುವಾಗಲೇ ತುಂಬಲು ನೆರವಾಗಲು ಒಬ್ಬ ಹುಡುಗನನ್ನು ನಿಲ್ಲಿಸಿದ್ದರಿಂದ ಕೌಂಟರಿನ ಕೆಲಸ 9 ನಿಮಿಷಕ್ಕೆ ಇಳಿಯಿತು ಎನ್ನಿ. ಆಗ ಅದೇ ಸಾಲು 27 ನಿಮಿಷಕ್ಕೆ ಬರುತ್ತದೆ. ನಾಲ್ಕನೆಯ ಕೌಂಟರಿಗೆ ಕಂಪ್ಯೂಟರ್ ತರುವ ಮೊದಲು ಇದನ್ನು ಓಡಿಸಿ ನೋಡಿ.